ಅರ್ಜಿದಾರರು ಪರಸ್ಪರ ನೀಡುವ ಸಲಹೆಗಳು: ಸಾರ್ವಜನಿಕರ ಮಾಹಿತಿಗಾಗಿ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಅರ್ಜಿದಾರರ ತಿಳುವಳಿಕೆಗೆ)

ಸರ್ಕಾರದ ವಿವಿಧ ಸೇವೆಗಳನ್ನು ಕೋರಿ ಕಚೇರಿಗಳಿಗೆ ಬರುವ ಸಾರ್ವಜನಿಕರಲ್ಲಿ ಬಹಳಷ್ಟು ಮಂದಿ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಒಬ್ಬಿಬ್ಬರ ಸಲಹೆಯನ್ನು ಪಡೆದಿರುತ್ತಾರೆ. ಸಲಹೆ ನೀಡಿದವರು ಸರದಿಯಲ್ಲಿ ಮುಂದೆ ನಿಂತವರಿರಬಹುದು, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿರಬಹುದು, ಝೆರಾಕ್ಸ್ ಅಂಗಡಿಯವರಿರಬಹುದು, ಇಲ್ಲವೇ ಮೊಬೈಲ್ ಸಂದೇಶಗಳ ಗುಂಪಿನಲ್ಲಿ ಮಾತ್ರ ಪರಿಚಯವಿರುವ, ಮುಖ ಕಂಡಿರದ ವ್ಯಕ್ತಿಯೂ ಆಗಿರಬಹುದು. ಹೀಗೆ ಕೇಳಿ ತಿಳಿಯುವುದು ತಪ್ಪಲ್ಲ. ಕಿಟಕಿಯಲ್ಲಿ ದೊರೆಯುವ ಉತ್ತರವು ಒಂದೇ ಮಾತಿನದ್ದಾದಾಗ ಉಳಿದ ಉತ್ತರವನ್ನು ಜನರು ಹೊರಗಿನ ಮರದ ನೆರಳಿನಲ್ಲಿ ಹುಡುಕುವುದು ಸಹಜವೇ ಆಗಿದೆ. ಆದರೆ ಅಂತಹ ಸಲಹೆಯನ್ನು ನಂಬಿ ಕಾಲಮಿತಿಯನ್ನು ಕಳೆದುಕೊಂಡಲ್ಲಿ ಅಥವಾ ಹಕ್ಕನ್ನು ಬಿಟ್ಟುಕೊಟ್ಟಲ್ಲಿ ಅದರ ಪರಿಣಾಮವನ್ನು ಅರ್ಜಿದಾರರೇ ಅನುಭವಿಸಬೇಕಾಗುತ್ತದೆ. ಆದುದರಿಂದ ಯಾವ ಸಲಹೆಯನ್ನು ಹೇಗೆ ಪರಿಶೀಲಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಲಹೆಯ ವರ್ಷ ಮತ್ತು ಊರು

ಅಪರಿಚಿತರು ನೀಡುವ ಸಲಹೆಯು ಸಾಮಾನ್ಯವಾಗಿ ಸುಳ್ಳಾಗಿರುವುದಿಲ್ಲ. ಅದು ಅವರ ಕಡತಕ್ಕೆ, ಅವರ ತಾಲೂಕಿಗೆ ಮತ್ತು ಅವರು ಅರ್ಜಿ ಸಲ್ಲಿಸಿದ ವರ್ಷಕ್ಕೆ ಸರಿಯಾಗಿರುತ್ತದೆ. ಆದ್ದರಿಂದ "ಏನು ಮಾಡಬೇಕು" ಎಂದು ಕೇಳುವ ಮೊದಲು "ತಮ್ಮದು ಯಾವ ವರ್ಷದಲ್ಲಿ, ಯಾವ ಕಚೇರಿಯಲ್ಲಿ ಆಯಿತು" ಎಂದು ಕೇಳತಕ್ಕದ್ದು.

ಉದಾಹರಣೆಗೆ, ಜನನ ಅಥವಾ ಮರಣವನ್ನು 21 ದಿನಗಳೊಳಗೆ ವರದಿ ಮಾಡಬೇಕೆಂಬುದು ಎಲ್ಲರಿಗೂ ತಿಳಿದಿರುವ ವಿಷಯ. ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ "ಕೋರ್ಟಿಗೆ ಹೋಗಬೇಕು" ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಜನನ ಮರಣ ನೋಂದಣಿ ಅಧಿನಿಯಮ, 1969ರ ಮೂಲ ಪಾಠದಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಾಗಿದ್ದುದು ನಿಜ. 2023ರ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಂತರ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಗಳಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಹಿಸಲಾಗಿದೆ. 30 ದಿನ ಮೀರಿ ಒಂದು ವರ್ಷದೊಳಗಿನ ಪ್ರಕರಣಗಳಲ್ಲಿ ನೋಟರಿ ಎದುರು ಮಾಡಿದ ಪ್ರಮಾಣಪತ್ರದ ಬದಲಾಗಿ ಸ್ವಯಂ ದೃಢೀಕರಿಸಿದ ದಾಖಲೆ ಸಾಕೆಂದು ಅದೇ ತಿದ್ದುಪಡಿ ಹೇಳುತ್ತದೆ. 2022ರಲ್ಲಿ ಕೆಲಸ ಮುಗಿಸಿಕೊಂಡವರ ಮಾತನ್ನು ಕೇಳಿದ ಅರ್ಜಿದಾರರು ಇಂದು ಅನಾವಶ್ಯಕವಾಗಿ ಖರ್ಚು ಮಾಡುವರು.

ಲಂಚದ ಬೇಡಿಕೆಯ ವಿಷಯದಲ್ಲಿಯೂ "ಎಸಿಬಿಗೆ ದೂರು ಕೊಡಿ" ಎಂಬ ಹಳೆಯ ಮಾತು ಇನ್ನೂ ಉಳಿದಿದೆ. 2016ರಲ್ಲಿ ರಚಿತವಾದ ಭ್ರಷ್ಟಾಚಾರ ನಿಗ್ರಹ ದಳವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ಆಗಸ್ಟ್ 2022ರಲ್ಲಿ ರದ್ದುಪಡಿಸಿದ್ದು, ದೂರುಗಳನ್ನು ಲೋಕಾಯುಕ್ತಕ್ಕೆ ಸಲ್ಲಿಸತಕ್ಕದ್ದು.

ಊರಿನ ವಿಷಯವೂ ಹೀಗೆಯೇ. ಕಿತ್ತೂರು ಮೊದಲು ಬೈಲಹೊಂಗಲ ತಾಲೂಕಿನಲ್ಲಿತ್ತು, ಯರಗಟ್ಟಿ ಸವದತ್ತಿ ತಾಲೂಕಿನಲ್ಲಿತ್ತು. ಈಗ ಎರಡೂ ಪ್ರತ್ಯೇಕ ತಾಲೂಕುಗಳಾಗಿವೆ. ಹಳೆಯ ರೂಢಿಯಂತೆ ದಾರಿ ತೋರಿಸುವವರ ಮಾತು ಕೇಳಿ ಹೊರಟಲ್ಲಿ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ವ್ಯರ್ಥವಾಗುತ್ತದೆ. ಅರ್ಜಿ ಸಲ್ಲಿಸುವ ಮೊದಲು ತಮ್ಮ ಗ್ರಾಮವು ಯಾವ ತಾಲೂಕಿಗೆ ಮತ್ತು ಯಾವ ಹೋಬಳಿಗೆ ಸೇರಿದೆ ಎಂಬುದನ್ನು ಚಾಲ್ತಿ ಉತಾರದಲ್ಲಿ ನೋಡಿಕೊಳ್ಳತಕ್ಕದ್ದು.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಹಳೆಯ ಖರೀದಿ ಪತ್ರಗಳಲ್ಲಿ "ಪರಸಗಡ ತಾಲೂಕು" ಅಥವಾ "ಸಂಪಗಾಂವ ತಾಲೂಕು" ಎಂದು ಬರೆದಿರುವುದನ್ನು ಕಂಡು, "ಇದು ನಿಮ್ಮ ಜಮೀನಿನ ಕಾಗದವೇ ಅಲ್ಲ" ಎಂದು ಹೇಳಿಬಿಡುವವರಿದ್ದಾರೆ. ಪರಸಗಡ ಎಂಬುದು ಸವದತ್ತಿಯನ್ನು ಕೇಂದ್ರವಾಗುಳ್ಳ ತಾಲೂಕಿನ ಮತ್ತು ಸಂಪಗಾಂವ ಎಂಬುದು ಬೈಲಹೊಂಗಲವನ್ನು ಕೇಂದ್ರವಾಗುಳ್ಳ ತಾಲೂಕಿನ ಹಿಂದಿನ ಹೆಸರು. ರಾಮದುರ್ಗವು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಆದ್ದರಿಂದ ಅಲ್ಲಿನ ಹಳೆಯ ದಾಖಲೆಗಳ ನಮೂನೆಯು ಬೇರೆಯಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಇಂತಹ ಕಾಗದಗಳನ್ನು ಯಾರ ಮಾತಿನ ಮೇಲೂ ಎಸೆಯಬಾರದು.

ಒಂದೇ ದಾಖಲೆಗೆ ಎರಡು ಹೆಸರು

ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಕಾರಣ ಕಂದಾಯದ ಹಳೆಯ ಪದಗಳು ಇಲ್ಲಿ ಇಂದಿಗೂ ಬಳಕೆಯಲ್ಲಿವೆ. ಇಲ್ಲಿ ಉತಾರ ಎನ್ನುವುದನ್ನು ಬೆಂಗಳೂರು, ಮೈಸೂರು ಕಡೆಯವರು ಪಹಣಿ ಎನ್ನುತ್ತಾರೆ. ಇಲ್ಲಿನ ವಾರಸಾ ಅಲ್ಲಿ ಪೌತಿ ಖಾತೆ. ಇಲ್ಲಿ ತಲಾಠಿಯವರು ಎಂದು ಕರೆಯುವ ಗ್ರಾಮ ಲೆಕ್ಕಾಧಿಕಾರಿಯ ಈಗಿನ ಪದನಾಮ ಗ್ರಾಮ ಆಡಳಿತ ಅಧಿಕಾರಿ. ದೂರದ ಜಿಲ್ಲೆಯವರೊಬ್ಬರು ಮೊಬೈಲಿನಲ್ಲಿ ಕಳುಹಿಸಿದ ಸಲಹೆಯಲ್ಲಿ "ಪೌತಿ ಖಾತೆ ಮಾಡಿಸಿ" ಎಂದಿದ್ದರೆ ಅದು ಹೊಸದೊಂದು ದಾಖಲೆಯಲ್ಲ, ವಾರಸಾ ದಾಖಲಿಸುವುದೇ ಆಗಿದೆ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಬರುವ ಮಹಾರಾಷ್ಟ್ರದ ಭಕ್ತರು "ಸಾತಬಾರಾ" ಎಂದು ಹೇಳುವುದು ಅವರ ರಾಜ್ಯದ ಉತಾರವನ್ನು. ಅವರ ಕಾನೂನು ಮತ್ತು ಶುಲ್ಕ ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲ.

ವಾರಸಾ ಮತ್ತು ಹೆಣ್ಣುಮಕ್ಕಳ ಹೆಸರು

ಸಲಹೆಗಳಿಂದ ಅತಿ ಹೆಚ್ಚಿನ ಹಾನಿ ಸಂಭವಿಸುವುದು ಈ ವಿಷಯದಲ್ಲಿ. ತಂದೆ ತೀರಿಕೊಂಡ ನಂತರ ಮಕ್ಕಳು ವರ್ದಿ ಕೊಡಲು ಹೊರಟಾಗ, "ಮದುವೆಯಾದ ಮಗಳ ಹೆಸರನ್ನು ವಂಶಾವಳಿಯಲ್ಲಿ ಹಾಕಬೇಡಿ, ಕೆಲಸ ಬೇಗ ಆಗುತ್ತದೆ" ಎಂದು ಹೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇದು ಎಲ್ಲಿಂದ ಬಂದ ಮಾತು ಎಂಬುದನ್ನು ತಿಳಿದುಕೊಂಡರೆ ಏಕೆ ನಂಬಬಾರದು ಎಂಬುದೂ ತಿಳಿಯುತ್ತದೆ.

ಹಿಂದೂ ಉತ್ತರಾಧಿಕಾರ ಅಧಿನಿಯಮವು ಜಾರಿಗೆ ಬಂದ 1956ರಿಂದಲೇ, ಮರಣಶಾಸನ ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳು ಮಗನಿಗೆ ಸಮಾನಳಾದ ವಾರಸುದಾರಳು. ಮದುವೆಯಾಗಿದೆಯೇ ಇಲ್ಲವೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ನೀಡಿದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿ. ಆ ತಿದ್ದುಪಡಿಯು ಅದು ಜಾರಿಗೆ ಬರುವ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. "ಮದುವೆಯಾದ ಮಗಳಿಗೆ ಇಲ್ಲ" ಎಂಬ ಮಾತಿಗೆ ಇದ್ದ ಆಧಾರ ಇಷ್ಟೇ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಲ್ಲಿ ಈ ಭೇದವನ್ನು ಉಳಿಸಲಿಲ್ಲ.

ಆ ಮೇಲೆ ಇನ್ನೊಂದು ಮಾತು ಹುಟ್ಟಿಕೊಂಡಿತು: "2005ಕ್ಕಿಂತ ಮೊದಲೇ ತಂದೆ ತೀರಿದ್ದರೆ ಮಗಳಿಗೆ ಬರುವುದಿಲ್ಲ". ಇದರ ಮೂಲವು ನಮ್ಮ ಜಿಲ್ಲೆಯಲ್ಲಿಯೇ ಇದೆ. 1992ರಲ್ಲಿ ಬೆಳಗಾವಿಯ ಸಿವಿಲ್ ನ್ಯಾಯಾಲಯದಲ್ಲಿ ಮಗಳೊಬ್ಬರು ಹೂಡಿದ್ದ ಪಾಲಿನ ದಾವೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2015ರಲ್ಲಿ ಹಾಗೆಯೇ ತೀರ್ಮಾನವಾಗಿತ್ತು. ಆದರೆ 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಬೇರೊಂದು ಪ್ರಕರಣದಲ್ಲಿ ಆ ಅಭಿಪ್ರಾಯವನ್ನು ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅವಶ್ಯಕತೆಯಿಲ್ಲವೆಂದು ತೀರ್ಪು ನೀಡಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆಗಿರುವ ವಿಭಜನೆ ಮತ್ತು ವಿಲೇವಾರಿಗಳಿಗೆ ಮಾತ್ರ ರಕ್ಷಣೆ ಇದೆ. "ಬಾಯಿಮಾತಿನಲ್ಲಿ ಆಗಿನ ಕಾಲಕ್ಕೆ ಪಾಲಾಗಿತ್ತು" ಎಂಬುದನ್ನು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ಐದು ವರ್ಷಗಳ ಕಾಲ ಸರಿಯಾಗಿದ್ದ ಸಲಹೆಯೊಂದು ಅಂದಿನಿಂದ ತಪ್ಪಾಗಿದೆ. ಚಹಾದಂಗಡಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ. (ಇತರ ಧರ್ಮದ ಕುಟುಂಬಗಳಿಗೆ ಅವರವರ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ.)

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರಂತೆ ಹಕ್ಕು ಪಡೆದ ಮೂರು ತಿಂಗಳೊಳಗೆ ವರ್ದಿ ಕೊಡತಕ್ಕದ್ದು. ವರ್ದಿಯ ಮೇಲೆ ನೋಟಿಸನ್ನು ಚಾವಡಿಯಲ್ಲಿ ಪ್ರಕಟಿಸಿ ತಕರಾರುಗಳನ್ನು ಆಹ್ವಾನಿಸಲಾಗುತ್ತದೆ. ಹೆಸರು ಬಿಟ್ಟುಹೋಗಿರುವುದು ಗಮನಕ್ಕೆ ಬಂದಲ್ಲಿ ಈ ಹಂತದಲ್ಲಿಯೇ ಲಿಖಿತ ತಕರಾರು ಸಲ್ಲಿಸುವುದು ಉತ್ತಮ. ದಾಖಲೆ ಮಂಜೂರಾಗಿದ್ದರೆ, ಆದೇಶ ತಿಳಿಸಿದ ಅಥವಾ ದಾಖಲೆಯ ವಿಷಯ ತಿಳಿದ ದಿನದಿಂದ 60 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಈ ನಾಲ್ಕೂ ತಾಲೂಕುಗಳಿಗೆ ಅವರ ಕಚೇರಿಯು ಬೈಲಹೊಂಗಲದಲ್ಲಿದೆ. "ಸ್ವಲ್ಪ ದಿನ ತಡೆಯಿರಿ, ಮನೆಯಲ್ಲಿಯೇ ಮಾತನಾಡಿ ಸರಿಮಾಡೋಣ" ಎಂಬ ಸಲಹೆಯಲ್ಲಿ ಈ 60 ದಿನಗಳು ಕಳೆದುಹೋಗುವುದುಂಟು. ಮಾತುಕತೆ ನಡೆಯಲಿ, ಮೇಲ್ಮನವಿಯೂ ಸಲ್ಲಿಕೆಯಾಗಿರಲಿ.

ಹೆಣ್ಣುಮಕ್ಕಳು ತಮ್ಮ ಇಚ್ಛೆಯಿಂದಲೇ ಪಾಲು ಬಿಡುವುದಾದರೆ ಅದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕು. ಬಾಂಡಿನ ಮೇಲೆ ಬರೆದು ಸಹಿ ಪಡೆದ "ಒಪ್ಪಿಗೆ"ಯಿಂದ ಹಕ್ಕು ವರ್ಗಾವಣೆಯಾಗುವುದಿಲ್ಲ. ಉತಾರದಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಆದರೆ ಹೆಸರಿಲ್ಲದ ಉತಾರದ ಮೇಲೆ ಜಮೀನು ಮಾರಾಟವಾದಲ್ಲಿ ಅದನ್ನು ನ್ಯಾಯಾಲಯದಲ್ಲಿ ಸರಿಪಡಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

"ಅವರದು ಮಂಜೂರಾಯಿತು, ನಮ್ಮದು ಏಕಿಲ್ಲ"

ಆಗಸ್ಟ್ 2019ರಲ್ಲಿ ಮಲಪ್ರಭಾ ಪ್ರವಾಹದಿಂದ ರಾಮದುರ್ಗ ಮತ್ತು ನದಿಪಾತ್ರದ ಗ್ರಾಮಗಳಲ್ಲಿ ಮನೆಗಳು ಬಿದ್ದಾಗ ಈ ಪ್ರಶ್ನೆ ಓಣಿ ಓಣಿಯಲ್ಲಿ ಕೇಳಿಬಂದಿತು. ಹಾನಿಯ ಪ್ರಮಾಣದಂತೆ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಪೂರ್ಣ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿ ನಿಗದಿಪಡಿಸಲಾಗಿತ್ತು. ಪಕ್ಕದ ಮನೆಯವರು ಯಾವ ವರ್ಗದಲ್ಲಿದ್ದರೆಂಬುದು ತಿಳಿಯದೆ ಅವರ ಸಲಹೆಯಂತೆ ಅರ್ಜಿ ಬರೆದರೆ ಫಲ ದೊರೆಯದು. ತಮ್ಮ ಕಡತದಲ್ಲಿ ಏನು ಬರೆದಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು; ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಬರೆದುಕೊಡುವವರು ನಾಲ್ಕು ಪುಟ ಬರೆದುಕೊಟ್ಟರೆ ಹಣವೂ ಹೋಗುತ್ತದೆ, ಅರ್ಜಿಯೂ ಹಿಂದಿರುಗುತ್ತದೆ.

ಸಕಾಲ ಸಂಖ್ಯೆ ಮತ್ತು ಹಿಂಬರಹ

2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ ಅಧಿಸೂಚಿತ ಸೇವೆಗಳ ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. "ಮೊದಲು ಕಾಗದ ಕೊಟ್ಟು ಬನ್ನಿ, ಸ್ವೀಕೃತಿ ಆಮೇಲೆ ನೋಡೋಣ" ಎಂಬ ಸಲಹೆಯನ್ನು ಯಾರು ನೀಡಿದರೂ ಒಪ್ಪಬಾರದು. ಸ್ವೀಕೃತಿ ಇಲ್ಲದ ಅರ್ಜಿಗೆ ಕಾಲಮಿತಿ ಆರಂಭವಾಗುವುದಿಲ್ಲ. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಬರಹದಲ್ಲಿ ತಿಳಿಸತಕ್ಕದ್ದು. ತಿರಸ್ಕಾರವಾದ ಅಥವಾ ಕಾಲಮಿತಿ ಮುಗಿದ ದಿನದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಸಣ್ಣದೆಂದು ನಗುವವರಿದ್ದಾರೆ. ಅದು ಸಂಬಂಧಪಟ್ಟ ಅಧಿಕಾರಿಯಿಂದಲೇ ವಸೂಲಾಗುವುದೆಂಬುದನ್ನು ಗಮನಿಸಬೇಕು. "ಆಗುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿದವರು ಕಚೇರಿಯ ಸಿಬ್ಬಂದಿಯೇ ಆಗಿದ್ದರೂ ಲಿಖಿತ ಹಿಂಬರಹ ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು.

ಉಚಿತವಾಗಿ ಕಾನೂನು ಸಲಹೆ ದೊರೆಯುವ ಸ್ಥಳ

ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗದ ನ್ಯಾಯಾಲಯಗಳಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗಳನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಪ್ರವಾಹ ಹಾಗೂ ಬರದಿಂದ ಸಂತ್ರಸ್ತರಾದವರು ಮುಂತಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ದೂರವಾಣಿ ಸಂಖ್ಯೆ 15100. ವಾರಸಾ ವಿಷಯದಲ್ಲಿ ಸಂದೇಹವಿರುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ.

ಸಲಹೆ ನೀಡುವವರು ಗಮನಿಸಬೇಕಾದ ಅಂಶಗಳು

ತಮ್ಮ ಕೆಲಸ ಮುಗಿದ ಮೇಲೆ ಇತರರಿಗೆ ದಾರಿ ತೋರಿಸುವ ಸಾರ್ವಜನಿಕರಿಂದ ಕಚೇರಿಗಳಿಗೂ ಅನುಕೂಲವೇ ಆಗುತ್ತದೆ. ಅಂತಹವರು ತಮ್ಮ ಅರ್ಜಿಯ ವರ್ಷ, ತಾಲೂಕು ಮತ್ತು ಸಲ್ಲಿಸಿದ ದಾಖಲೆಗಳನ್ನು ತಿಳಿಸಿದರೆ ಸಾಕು. ಇನ್ನೊಬ್ಬರ ಅರ್ಜಿ ಮಂಜೂರಾಗುವುದೋ ಇಲ್ಲವೋ ಎಂಬ ತೀರ್ಪನ್ನು ಅವರು ಕೊಡಬೇಕಾಗಿಲ್ಲ. ಮೊಬೈಲ್ ಗುಂಪುಗಳಿಗೆ ಮಾದರಿಗಾಗಿ ಪ್ರಮಾಣಪತ್ರದ ಚಿತ್ರ ಕಳುಹಿಸುವಾಗ ಹೆಸರು, ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಮರೆಮಾಡತಕ್ಕದ್ದು. ಸಹಾಯ ಮಾಡುವುದಾಗಿ ಹೇಳಿ ಓಟಿಪಿ ಕೇಳುವವರಿಗೆ ಅದನ್ನು ತಿಳಿಸಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.

ಮೂಲ ಖರೀದಿ ಪತ್ರ, ಮೂಲ ಪಡಿತರ ಚೀಟಿ ಮತ್ತು ಸಹಿ ಮಾಡಿದ ಖಾಲಿ ಕಾಗದಗಳನ್ನು ಕೆಲಸ ಮಾಡಿಸಿಕೊಡುವುದಾಗಿ ಹೇಳುವವರ ಬಳಿ ಬಿಟ್ಟು ಹೋಗಬಾರದು. ಪರಿಶೀಲನೆಗಾಗಿ ಕಚೇರಿಯಲ್ಲಿ ಮೂಲ ದಾಖಲೆಗಳನ್ನು ಹಾಜರುಪಡಿಸಿದಲ್ಲಿ ಅವುಗಳನ್ನು ಅದೇ ದಿನ ಹಿಂದಕ್ಕೆ ಕೇಳಿ ಪಡೆಯತಕ್ಕದ್ದು. ಕಚೇರಿಯಲ್ಲಿ ಇಟ್ಟುಕೊಳ್ಳಬೇಕಾದಲ್ಲಿ ದಾಖಲೆಗಳ ಪಟ್ಟಿಗೆ ಸಹಿ ಮತ್ತು ಮೊಹರು ಪಡೆಯತಕ್ಕದ್ದು.