ಹೆಸರು ಹೇಳಲಾಗದ ಕೋಣೆ

ಮನೆಗೆ ಬಂದ ಅತಿಥಿಯೊಬ್ಬರು ಊಟಕ್ಕೆ ಮುಂಚೆ ಎದ್ದು ನಿಂತು, ತುಸು ಸಂಕೋಚದಿಂದ, 'ಬಾತ್‌ರೂಮ್ ಎಲ್ಲಿದೆ?' ಎಂದು ಕೇಳಿದರೆ ನೀವೇನೂ ಹಂಡೆಗೆ ಉರಿ ಹಾಕಲು ಓಡುವುದಿಲ್ಲ. ಅವರು ಆಡಿದ್ದು ಒಂದು, ನೀವು ತಿಳಿದದ್ದು ಇನ್ನೊಂದು. ಆದರೂ ಕೆಲಸ ಕೆಡಲಿಲ್ಲ. ಇಂಗ್ಲಿಷ್ ಭಾಷೆ ಈ ಒಂದು ಕೋಣೆಗೆ ಶತಮಾನಗಳಿಂದಲೂ ಮುಸುಕಿನ ಮೇಲೆ ಮುಸುಕು ಹೊದಿಸುತ್ತ ಬಂದಿದೆ.

'ಟಾಯ್ಲೆಟ್' ಎಂಬ ಮಾತನ್ನೇ ನೋಡಿ. ಫ್ರೆಂಚರಿಂದ ಬಂದ ಈ ಶಬ್ದಕ್ಕೆ ಮೂಲಾರ್ಥ ಒಂದು ಚಿಕ್ಕ ಬಟ್ಟೆಯ ತುಂಡು. ಮೊದಲು ಅದು ಸಿಂಗಾರದ ಮೇಜಿಗೆ ಹಾಸುವ ಬಟ್ಟೆಯಾಗಿತ್ತು. ಆಮೇಲೆ ಆ ಮೇಜಾಯಿತು, ಸಿಂಗಾರವಾಯಿತು, ಸಿಂಗಾರದ ಕೋಣೆಯಾಯಿತು. ಕಟ್ಟಕಡೆಗೆ ಏನಾಯಿತೆಂಬುದು ನಿಮಗೆ ಗೊತ್ತೇ ಇದೆ. 'ಲ್ಯಾವೆಟರಿ' ಎಂಬುದು ತೊಳೆಯುವುದಕ್ಕೆ ಸಂಬಂಧಿಸಿದ ಲ್ಯಾಟಿನ್ ಮಾತು. 'ಪ್ರಿವಿ' ಎಂದರೆ ಏಕಾಂತದ ಜಾಗ. ಅಮೆರಿಕನ್ನರ 'ರೆಸ್ಟ್ ರೂಮ್' ವಿಶ್ರಾಂತಿಯ ಕೋಣೆ. ಪ್ರತಿಯೊಂದು ಹೊಸ ಹೆಸರೂ ಮಡಿಯುಟ್ಟು ಬರುತ್ತದೆ. ನಾಲ್ಕು ದಿನ ಬಳಸಿದ ಮೇಲೆ ಅದಕ್ಕೂ ಮೈಲಿಗೆ ತಟ್ಟುತ್ತದೆ. ನಾವೂ ಕಡಿಮೆಯವರಲ್ಲ. 'ಬಹಿರ್ದೆಸೆ' ಎಂದರೆ ಹೊರಗಿನ ದಿಕ್ಕು, ಅಷ್ಟೆ, 'ಶೌಚ'ವೆಂದರೆ ಶುಚಿತ್ವ. ನಮ್ಮ ಮಕ್ಕಳು ಶಾಲೆಯಲ್ಲಿ 'ಒಂದಕ್ಕೆ', 'ಎರಡಕ್ಕೆ' ಎಂದು ಬೆರಳೆತ್ತಿದರೆ, ಇಂಗ್ಲಿಷ್ ಮಕ್ಕಳೂ 'ನಂಬರ್ ಒನ್', 'ನಂಬರ್ ಟೂ' ಎಂದು ಅದೇ ಲೆಕ್ಕ ಹೇಳುತ್ತಾರೆ!

ಹಿಂದೆ ಎಲ್ಲರೂ ಇಷ್ಟು ನಾಚಿದವರಲ್ಲ. ಎಲಿಜಬೆತ್ ರಾಣಿಯ ಧರ್ಮಪುತ್ರನಾದ ಸರ್ ಜಾನ್ ಹ್ಯಾರಿಂಗ್ಟನ್ ತಾನು ಕಲ್ಪಿಸಿದ, ನೀರು ಹಾಯಿಸಿ ತೊಳೆಯುವ ಕಕ್ಕಸನ್ನು ಕುರಿತು 1596ರಲ್ಲಿ ಒಂದು ಪುಸ್ತಕವನ್ನೇ ಬರೆದು, ಅದರ ಹೆಸರಿನಲ್ಲಿ ಏಜಾಕ್ಸ್ ಎಂಬ ಗ್ರೀಕ್ ವೀರನನ್ನು ತಂದು ಕೂಡಿಸಿದ. ಆ ಹೆಸರು ಅಂದಿನವರ ಕಿವಿಗೆ 'ಎ ಜೇಕ್ಸ್' ಎಂದು ಕೇಳಿಸುತ್ತಿತ್ತು. ಜೇಕ್ಸ್ ಎಂದರೆ ಆ ಕಾಲದ ಆಡುಮಾತಿನಲ್ಲಿ ಕಕ್ಕಸು. ಹಾಸ್ಯವೇನೋ ಚೆನ್ನಾಗಿತ್ತು, ಉಪಕರಣ ಮಾತ್ರ ಬಳಕೆಗೆ ಬರಲಿಲ್ಲ. ಅಲೆಕ್ಸಾಂಡರ್ ಕಮಿಂಗ್ ಎಂಬಾತ ದುರ್ಗಂಧ ತಡೆಯುವ ಬಾಗಿದ ಕೊಳವೆಯೊಡನೆ ಇಂಥದೊಂದಕ್ಕೆ ಪೇಟೆಂಟ್ ಪಡೆದದ್ದು 1775ರಲ್ಲಿ.

ಈ ಮಾತುಗಳಿಗೆ ಜಾತಿಯೂ ಇದೆ. 1954ರಲ್ಲಿ ಅಲನ್ ರಾಸ್ ಎಂಬ ಭಾಷಾಶಾಸ್ತ್ರದ ಪ್ರಾಧ್ಯಾಪಕರು ಇಂಗ್ಲೆಂಡಿನ ಮೇಲ್ವರ್ಗದವರನ್ನು ಅವರ ಮಾತಿನಿಂದಲೇ ಗುರುತಿಸುವ ಬಗೆಯನ್ನು ವಿವರಿಸಿದರು. ಅದರ ಪ್ರಕಾರ 'ಟಾಯ್ಲೆಟ್ ಪೇಪರ್' ಎಂದವನು ಮೇಲ್ವರ್ಗದವನಲ್ಲ. 'ಲ್ಯಾವೆಟರಿ ಪೇಪರ್' ಎನ್ನಬೇಕು. ಹೆಚ್ಚು ನಯವೆಂದು ಆರಿಸಿಕೊಂಡ ಮಾತೇ ಆಡಿದವನ ಅಂತಸ್ತನ್ನು ಬಯಲು ಮಾಡಿತು.

ಇಲ್ಲಿಯವರೆಗೆ ನಗಬಹುದು. ಆದರೆ ಬಾಯಲ್ಲಿ ಹೇಳಲಾಗದ ವಸ್ತುವನ್ನು ಸಭೆಯಲ್ಲಿ ಕೇಳುವುದು ಹೇಗೆ? 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಏರ್ಪಡಿಸಿದ್ದ ಶೌಚಗೃಹಗಳನ್ನು 8,27,280 ಮಂದಿ ಬಳಸಿದರು. ಶುಲ್ಕ ಒಂದು ಪೆನ್ನಿ. ಇಂಗ್ಲಿಷರು ಈ ಕೆಲಸಕ್ಕೆ 'ಒಂದು ಪೆನ್ನಿ ಖರ್ಚು ಮಾಡಿ ಬರುತ್ತೇನೆ' ಎನ್ನುವುದು ಸಾರ್ವಜನಿಕ ಶೌಚಗೃಹಗಳ ಈ ಶುಲ್ಕದಿಂದಲೇ. ಬಳಿಕ ಲಂಡನ್ನಿನ ಬೀದಿಗಳಲ್ಲಿ ಗಂಡಸರಿಗೆ ಮೂತ್ರಾಲಯಗಳು ಎದ್ದವು. ಹೆಂಗಸರಿಗೆ ಇದ್ದದ್ದು ಬೆರಳೆಣಿಕೆಯಷ್ಟು. ದಿನವಿಡೀ ಹೊರಗೆ ದುಡಿಯುವವಳೂ ಮನೆ ಸೇರುವ ತನಕ ತಡೆದುಕೊಳ್ಳಬೇಕಾಗಿತ್ತು.

1900ರ ಸುಮಾರಿನಲ್ಲಿ ಸೇಂಟ್ ಪ್ಯಾಂಕ್ರಾಸ್ ಪ್ರದೇಶದ ಆಡಳಿತ ಸಭೆಯಲ್ಲಿ ಕ್ಯಾಮ್ಡೆನ್ ಟೌನಿನಲ್ಲೊಂದು ಸ್ತ್ರೀಯರ ಶೌಚಗೃಹ ಕಟ್ಟಿಸುವ ಪ್ರಸ್ತಾಪ ಬಂತು. ನಾಟಕಕಾರ ಬರ್ನಾರ್ಡ್ ಷಾ ಆಗ ಆ ಸಭೆಯ ಸದಸ್ಯರು. ಅವರು ಇದರ ಪರ. ಸುತ್ತಲಿನವರು ಕೆರಳಿದರು. ಪರೀಕ್ಷೆಗೆಂದು ರಸ್ತೆಯಲ್ಲಿ ಮರದ ಮಾದರಿಯೊಂದನ್ನು ನಿಲ್ಲಿಸಿದರೆ, ಹಾದುಹೋಗುವ ಗಾಡಿಗಳು ಅದಕ್ಕೆ ಮತ್ತೆ ಮತ್ತೆ ಡಿಕ್ಕಿ ಹೊಡೆದವು. ಸಂಚಾರಕ್ಕೆ ಅಡ್ಡಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ! ಗಂಡಸರ ಮೂತ್ರಾಲಯಕ್ಕೆ ಕಾಸಿಲ್ಲ, ಬಡ ಹೆಂಗಸಿಗೆ ಮಾತ್ರ ಒಂದು ಪೆನ್ನಿ ಏಕೆ ಎಂಬುದು ಷಾ ಅವರ ಇನ್ನೊಂದು ತಕರಾರು. ಕೊನೆಗೂ ಶೌಚಗೃಹವಾಯಿತು. ಗಂಡಸರೇ ತುಂಬಿದ ಸಭೆಯಲ್ಲಿ ಇಂಥ ಅಗತ್ಯದ ಹೆಸರೆತ್ತುವುದೇ ಕಷ್ಟವಾದ್ದರಿಂದ ಅಲ್ಲಿ ಹೆಂಗಸರೂ ಕೂರಬೇಕೆಂದು ಷಾ 1909ರಲ್ಲಿ ಒಂದು ಲೇಖನ ಬರೆದರು. ಸ್ತ್ರೀಯರ ಮತಾಧಿಕಾರದ ಪರವಾದ ಆ ವಾದಕ್ಕೆ ಅವರು ಶೀರ್ಷಿಕೆಯಲ್ಲೇ ಕೊಟ್ಟ ವಿಶೇಷಣ 'ಬಾಯಿಬಿಟ್ಟು ಹೇಳಲಾಗದ್ದು'.