ಡಿಜಿಟಲ್ ಭಾವಚಿತ್ರ: ಮುಖದ ಬೆಳಕನ್ನು ಓದುವ ಕಲೆ

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಚಿತ್ರಕ್ಕಾಗಿ ಹುಡುಕಾಟ ಆರಂಭವಾಗುತ್ತದೆ. ಮೊಬೈಲ್‌ನಲ್ಲಿ ಸಾವಿರಾರು ಚಿತ್ರಗಳಿರುತ್ತವೆ. ಆದರೆ ಕಟ್ಟು ಹಾಕಿಸಲು ಕೊನೆಗೆ ಸಿಗುವುದು ಮದುವೆಯ ಗುಂಪುಚಿತ್ರದಿಂದ ಕತ್ತರಿಸಿದ ಮಸುಕು ಮುಖ, ಇಲ್ಲವೇ ಗುರುತಿನ ಚೀಟಿಗೆಂದು ತೆಗೆಸಿದ ಬಿಗಿದ ಮುಖ. ಕ್ಯಾಮೆರಾ ಎಲ್ಲರ ಕೈಗೆ ಬಂದಿದ್ದರೂ ಭಾವಚಿತ್ರ ತೆಗೆಯುವುದನ್ನು ಕಲಿತವರು ಕಡಿಮೆ ಎಂಬುದಕ್ಕೆ ಇದೇ ಸಾಕ್ಷಿ. ದುಬಾರಿ ಸಲಕರಣೆಗಳಿಲ್ಲದೆಯೂ ಮನೆಯಲ್ಲೇ ಕಲಿಯಬಹುದಾದ ವಿದ್ಯೆಯಿದು. ಅದರ ಮೂಲಪಾಠ ಒಂದೇ: ಮುಖದ ಮೇಲೆ ಬೀಳುವ ಬೆಳಕನ್ನು ಗುರುತಿಸುವುದು.

ಸೂರ್ಯನ ಬೆಳಕಿನಿಂದ ಸೆನ್ಸರ್‌ವರೆಗೆ

ವ್ಯಕ್ತಿಯ ಮುಖಚಹರೆಯ ಜೊತೆಗೆ ಆತನ ಸ್ವಭಾವವನ್ನೂ ಸೂಚಿಸುವ ಚಿತ್ರವೇ ಭಾವಚಿತ್ರ. ಅದರ ಇತಿಹಾಸ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ. ಆಗ ಆತ ನಿಂತದ್ದು ಬಯಲಿನಲ್ಲಿ, ಹಗಲು ಬೆಳಕಿನಲ್ಲಿ. 1975ರಲ್ಲಿ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೂಪಿಸಿದ ಡಿಜಿಟಲ್ ಕ್ಯಾಮೆರಾದ ಸಾಮರ್ಥ್ಯ ಕೇವಲ 0.01 ಮೆಗಾಪಿಕ್ಸೆಲ್. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಯಂತ್ರ ಎಷ್ಟೇ ಬದಲಾದರೂ ಬೆಳಕಿನ ಪಾತ್ರ ಮಾತ್ರ ಬದಲಾಗಿಲ್ಲ.

ಲೆನ್ಸ್‌ಗಿಂತ ಮೊದಲು ದೂರ

ಹೊಸಬರು ಮಾಡುವ ಮೊದಲ ತಪ್ಪು, ತೀರ ಹತ್ತಿರ ಹೋಗುವುದು. ಒಂದೆರಡು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಉಬ್ಬಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಇದು ಲೆನ್ಸಿನ ದೋಷವಲ್ಲ, ಸಾಮೀಪ್ಯದ ಪರಿಣಾಮ. ಐದಾರು ಅಡಿ ಹಿಂದೆ ಸರಿದರೆ ಮುಖದ ಪ್ರಮಾಣ ಸಹಜವಾಗುತ್ತದೆ. ಅಷ್ಟು ದೂರದಿಂದಲೂ ಮುಖ ದೊಡ್ಡದಾಗಿ ಕಾಣಲೆಂದೇ ಭಾವಚಿತ್ರಕಾರರು 85 ಮಿ.ಮೀ. ಲೆನ್ಸನ್ನು ಮೆಚ್ಚುತ್ತಾರೆ. ಸಣ್ಣ ಸೆನ್ಸರ್‌ನ ಡಿಎಸ್ಎಲ್ಆರ್ ಇದ್ದವರಿಗೆ 50 ಮಿ.ಮೀ., ಎಫ್ 1.8 ಲೆನ್ಸ್ ಕೈಗೆಟಕುವ ಆಯ್ಕೆ. 1.5 ಪಟ್ಟಿನ ಲೆಕ್ಕದಲ್ಲಿ ಅದು 75 ಮಿ.ಮೀ. ಲೆನ್ಸಿನಷ್ಟೇ ನೋಟ ನೀಡುತ್ತದೆ. ಮೊಬೈಲ್ ಬಳಸುವವರು ಹಿಂದೆ ಸರಿದು 2 ಅಥವಾ 3 ಪಟ್ಟಿನ ಟೆಲಿ ಲೆನ್ಸ್ ಇದ್ದರೆ ಅದನ್ನು ಆರಿಸಿಕೊಳ್ಳುವುದು ಒಳಿತು.

ಫೋಕಸ್ ಸದಾ ಕಣ್ಣಿನ ಮೇಲಿರಲಿ. ಮುಖ ಓರೆಯಾಗಿದ್ದರೆ ಕ್ಯಾಮೆರಾಕ್ಕೆ ಹತ್ತಿರದ ಕಣ್ಣು ಸ್ಪಷ್ಟವಾಗಿರಬೇಕು. ಎಫ್ 1.8ರಲ್ಲಿ ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ ನಿಜ, ಆದರೆ ಒಂದು ಕಣ್ಣು ಸ್ಪಷ್ಟವಾಗಿ ಇನ್ನೊಂದು ಮಂಜಾಗುವ ಅಪಾಯವೂ ಇದೆ. ಎಫ್ 2.8ರಿಂದ 4ರವರೆಗಿನ ಅಪರ್ಚರ್ ಕಲಿಯುವವರಿಗೆ ಸುರಕ್ಷಿತ. ಕುಳಿತವರು ಅಲುಗಾಡುವುದು ಸಹಜವಾದ್ದರಿಂದ ಶಟರ್ ವೇಗ ಸೆಕೆಂಡಿನ 1/125 ಅಥವಾ ಅದಕ್ಕಿಂತ ಹೆಚ್ಚಿರಲಿ. ಬೆಳಕು ಸಾಲದಿದ್ದರೆ ಐಎಸ್ಒ ಏರಿಸಿ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಸಹಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸುವುದು ಕಷ್ಟ.

ಕಿಟಕಿಯೇ ಸ್ಟುಡಿಯೋ

ಬೆಳಕಿನ ಪಾಠಕ್ಕೆ ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ವ್ಯಕ್ತಿಯನ್ನು ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಬೆಳಕು ಓರೆಯಾಗಿ ಬೀಳುವಂತೆ ಕೂರಿಸಿ. ಕಿಟಕಿಯ ಕಡೆಯ ಕೆನ್ನೆ ಬೆಳಗುತ್ತದೆ, ಇನ್ನೊಂದು ನೆರಳಿಗೆ ಜಾರುತ್ತದೆ. ಮುಖದ ಉಬ್ಬುತಗ್ಗುಗಳು ಕಾಣುವುದು ಈ ಏರುಪೇರಿನಿಂದಲೇ. ನೆರಳು ತೀರ ಗಾಢವಾದರೆ ಆ ಬದಿಯಲ್ಲಿ ಬಿಳಿ ಪಂಚೆಯನ್ನೋ ಥರ್ಮಾಕೋಲ್ ಹಲಗೆಯನ್ನೋ ಹಿಡಿಯಿರಿ. ಮರಳಿ ಬರುವ ಮೆದು ಬೆಳಕು ನೆರಳನ್ನು ತಿಳಿಯಾಗಿಸುತ್ತದೆ. ಕಣ್ಣಿನಲ್ಲಿ ಹೊಳೆಯುವ ಬೆಳಕಿನ ಚುಕ್ಕಿಯನ್ನು ಛಾಯಾಗ್ರಾಹಕರು ಕ್ಯಾಚ್‌ಲೈಟ್ ಎನ್ನುತ್ತಾರೆ. ಅದು ಕಾಣುವವರೆಗೆ ಮುಖವನ್ನು ಮೆಲ್ಲಗೆ ಕಿಟಕಿಯತ್ತ ತಿರುಗಿಸಲು ಹೇಳಿ. ಕೋಣೆಯ ಟ್ಯೂಬ್‌ಲೈಟ್ ಆರಿಸುವುದನ್ನು ಮರೆಯಬೇಡಿ. ಎರಡು ಬಗೆಯ ಬೆಳಕು ಬೆರೆತರೆ ಕೆನ್ನೆಯೊಂದು ಒಂದು ಬಣ್ಣ, ಇನ್ನೊಂದು ಮತ್ತೊಂದು ಬಣ್ಣವಾದೀತು.

ಹೊರಗಡೆ ನಡುಮಧ್ಯಾಹ್ನದ ಬಿಸಿಲು ಭಾವಚಿತ್ರಕ್ಕೆ ಸಲ್ಲದು. ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ತುಂಬುತ್ತದೆ. ಅಂಥ ಹೊತ್ತಿನಲ್ಲಿ ಮನೆಯ ಜಗಲಿ, ದೇವಸ್ಥಾನದ ಮಂಟಪ, ಅಂಗಡಿಯ ಮುಂಗಟ್ಟಿನಂಥ ಜಾಗಗಳಲ್ಲಿ ನೆರಳಿನ ಅಂಚಿಗೆ ವ್ಯಕ್ತಿಯನ್ನು ನಿಲ್ಲಿಸಿ, ಮುಖ ಬಯಲಿನತ್ತ ಇರುವಂತೆ ನೋಡಿಕೊಳ್ಳಿ. ಮರದ ಕೆಳಗಾದರೆ ಎಲೆಗಳ ನಡುವಿನಿಂದ ಬೀಳುವ ಬಿಸಿಲಿನ ಮಚ್ಚೆಗಳ ಬಗ್ಗೆ ಎಚ್ಚರ ಬೇಕು.

ಮರಳಿಸಿದ ಬೆಳಕು ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡಿಗರೇ ಆದ ವಿ.ಕೆ. ಮೂರ್ತಿ ಅವರ ಕೆಲಸ ಉತ್ತಮ ನಿದರ್ಶನ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡೊಂದಕ್ಕೆ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳ ಮೂಲಕ ಸ್ಟುಡಿಯೋದೊಳಕ್ಕೆ ತಂದು ಬೆಳಕಿನ ಕೋಲನ್ನು ಸೃಷ್ಟಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಸಿನಿಮಾ ಛಾಯಾಗ್ರಾಹಕ ಅವರು. ಅವರು ಬೆಳಗಿಸಿದ ಕಪ್ಪುಬಿಳುಪು ಮುಖಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದೇ ಒಂದು ಪಾಠ.

ಮೈಬಣ್ಣದ ಲೆಕ್ಕ

ಕ್ಯಾಮೆರಾಕ್ಕೆ ಮುಖ ಯಾವುದು, ಗೋಡೆ ಯಾವುದು ಎಂಬ ಅರಿವು ಮೂಲತಃ ಇಲ್ಲ. ಕಂಡದ್ದನ್ನೆಲ್ಲ ನಡುಬೂದು ಮಟ್ಟಕ್ಕೆ ತರುವುದು ಅದರ ಲೆಕ್ಕಾಚಾರ. ಹೀಗಾಗಿ ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟು ನಿಂತ ಕಪ್ಪು ಮೈಬಣ್ಣದವರ ಚಿತ್ರದಲ್ಲಿ ಅಂಗಿ ಬೂದಾಗಿ, ಮುಖ ಕತ್ತಲಲ್ಲಿ ಕಳೆದುಹೋಗುತ್ತದೆ. ಚೌಕಟ್ಟಿನ ತುಂಬ ಅದೇ ಮುಖವಿದ್ದರೆ ಇದಕ್ಕೆ ವಿರುದ್ಧವಾಗಿ ಬಣ್ಣ ತೇಲಿಹೋಗುತ್ತದೆ. ಪರಿಹಾರ ಸರಳ. ಬೆಳಕನ್ನು ಮುಖದ ಮೇಲೆಯೇ ಅಳೆಯಿರಿ; ಸ್ಪಾಟ್ ಮೀಟರಿಂಗ್ ಬಳಸಿ, ಎಕ್ಸ್‌ಪೋಷರನ್ನು ಅಗತ್ಯದಂತೆ ಏರಿಸಿ ಇಲ್ಲವೇ ಇಳಿಸಿ. ಮೊಬೈಲ್‌ನಲ್ಲಾದರೆ ಪರದೆಯ ಮೇಲೆ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಜಾರಿಸಿದರಾಯಿತು.

ಈ ತೊಡಕಿಗೆ ಇತಿಹಾಸವೂ ಇದೆ. ಫಿಲ್ಮ್ ಕಾಲದಲ್ಲಿ ಪ್ರಯೋಗಾಲಯಗಳು ಬಣ್ಣ ಹೊಂದಿಸಲು ಕೊಡಾಕ್‌ನ ‘ಶರ್ಲಿ’ ಕಾರ್ಡುಗಳನ್ನು ಬಳಸುತ್ತಿದ್ದವು. ಅವುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯರ ಚಿತ್ರ. ಕೆನಡಾದ ಸಂಶೋಧಕಿ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಂದು ಛಾಯೆಗಳು ಫಿಲ್ಮಿನಲ್ಲಿ ಸರಿಯಾಗಿ ಮೂಡುವುದಿಲ್ಲ ಎಂದು ಮರದ ಪೀಠೋಪಕರಣ ಹಾಗೂ ಚಾಕೊಲೇಟ್ ತಯಾರಕರು ದೂರಿದ್ದು ಸುಧಾರಣೆಗೆ ಒಂದು ಪ್ರೇರಣೆಯಾಯಿತು. ಡಿಜಿಟಲ್ ಯುಗದಲ್ಲಿಯೂ ಪ್ರಶ್ನೆ ಮುಗಿದಿಲ್ಲ. ಗೂಗಲ್ 2021ರಲ್ಲಿ ತನ್ನ ಪಿಕ್ಸೆಲ್ 6 ಫೋನಿನೊಂದಿಗೆ, ಎಲ್ಲ ಮೈಬಣ್ಣಗಳನ್ನೂ ನಿಜವಾಗಿ ತೋರಿಸುವ ಉದ್ದೇಶದ ‘ರಿಯಲ್ ಟೋನ್’ ವ್ಯವಸ್ಥೆಯನ್ನು ಪರಿಚಯಿಸಬೇಕಾಯಿತು.

ಎದುರು ಕುಳಿತವರ ಮನಸ್ಸು

‘ಸ್ಮೈಲ್ ಪ್ಲೀಸ್’ ಎಂದೊಡನೆ ಮೂಡುವ ನಗು ತುಟಿಯದ್ದು, ಕಣ್ಣಿನದ್ದಲ್ಲ. ಆದ್ದರಿಂದ ಮೊದಲು ಮಾತನಾಡಿ. ಅಜ್ಜಿಯಾದರೆ ಕೈಗೆ ಎಲೆಅಡಿಕೆಯ ತಟ್ಟೆ ಕೊಡಿ, ಮೇಷ್ಟ್ರಾಗಿದ್ದ ತಾತನಾದರೆ ಹಳೆಯ ಶಾಲೆಯ ಮಾತು ತೆಗೆಯಿರಿ. ಕೈಗೆ ಕೆಲಸ ಸಿಕ್ಕಾಗ ಮುಖದ ಬಿಗಿ ಸಡಿಲಗೊಳ್ಳುತ್ತದೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ. ಮೇಲಿನಿಂದ ತೆಗೆದರೆ ವ್ಯಕ್ತಿ ಕುಗ್ಗಿದಂತೆ ಕಾಣುತ್ತಾರೆ. ಮೈಸೂರಿನ ಹಿರಿಯ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923-2009) ಸಾಮಾನ್ಯ ಜನರನ್ನೇ ತಮ್ಮ ವಸ್ತುವಾಗಿಸಿಕೊಂಡವರು. ಅವರು ತೆಗೆದ ಮಕ್ಕಳ ಚಿತ್ರಗಳು ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಎದುರಿಗಿರುವವರನ್ನು ಗೌರವದಿಂದ ಕಾಣುವುದೂ ಈ ಕಲೆಯ ಭಾಗವೆಂಬುದನ್ನು ಅವರ ಚಿತ್ರಗಳು ತೋರಿಸುತ್ತವೆ.

ತಿದ್ದುವುದು ಎಷ್ಟು?

ಸಾಧ್ಯವಿದ್ದರೆ ಚಿತ್ರವನ್ನು ‘ರಾ’ ರೂಪದಲ್ಲಿ ತೆಗೆಯಿರಿ. ಬೆಳಕು ಮತ್ತು ಬಣ್ಣದ ಸಣ್ಣ ತಪ್ಪುಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸಲು ಜೆಪೆಗ್‌ಗಿಂತ ಅದರಲ್ಲಿ ಹೆಚ್ಚು ಅವಕಾಶವಿದೆ. ಅಂದು ಮೂಡಿದ್ದ ಮೊಡವೆಯನ್ನು ಅಳಿಸುವುದು ತಪ್ಪಲ್ಲ. ಆದರೆ ವರ್ಷಗಳು ಮೂಡಿಸಿದ ಸುಕ್ಕು, ಹುಟ್ಟಿನಿಂದ ಬಂದ ಮಚ್ಚೆ ಮತ್ತು ಮೈಬಣ್ಣ ಆ ವ್ಯಕ್ತಿಯ ಗುರುತು. ಅನೇಕ ಮೊಬೈಲ್‌ಗಳ ‘ಬ್ಯೂಟಿ’ ಸೌಲಭ್ಯ ಕೇಳದೆಯೇ ಚರ್ಮವನ್ನು ನುಣುಪಾಗಿಸಿ ಬಿಳುಪೇರಿಸುತ್ತದೆ. ಅದನ್ನು ಮೊದಲೇ ನಿಲ್ಲಿಸಿಬಿಡಿ. ಬೆಳ್ಳಗೆ ಮಾಡಿದ ಮುಖ ಮನೆಯವರಿಗೇ ಅಪರಿಚಿತವಾದರೆ ಆ ಚಿತ್ರದಿಂದ ಏನು ಪ್ರಯೋಜನ?

ಅಭ್ಯಾಸ ಮತ್ತು ಜೋಪಾನ

ಒಂದೇ ಕಿಟಕಿ, ಒಂದೇ ವ್ಯಕ್ತಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಒಂದು ವಾರ ಚಿತ್ರ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಬೆಳಕಿನ ವ್ಯತ್ಯಾಸ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ. ಜೊತೆಗೂಡಿ ಕಲಿಯಬಯಸುವವರಿಗೆ 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘಗಳಿವೆ.

ತೆಗೆದ ಚಿತ್ರವನ್ನು ಉಳಿಸಿಕೊಳ್ಳುವುದೂ ಕಲಿಕೆಯ ಭಾಗ. ಇಂಚಿಗೆ 300 ಚುಕ್ಕಿಗಳಂತೆ 8x10 ಇಂಚಿನ ಮುದ್ರಣಕ್ಕೆ ಸುಮಾರು 7.2 ಮೆಗಾಪಿಕ್ಸೆಲ್ ಸಾಕು. ಇಂದಿನ ಸಾಧಾರಣ ಫೋನಿನಲ್ಲಿಯೂ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಹಾಗೆಯೇ ಉಳಿಯುತ್ತದೆ. ಮೂಲಪ್ರತಿಯನ್ನು ಎರಡು ಕಡೆ ಕಾಪಿಡಿ, ಒಂದನ್ನಾದರೂ ಕಾಗದದ ಮೇಲೆ ಮುದ್ರಿಸಿ.

ಕಲಿಕೆಗೆ ಮೊದಲ ರೂಪದರ್ಶಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮನೆಯ ಹಿರಿಯರನ್ನು ಈ ಭಾನುವಾರ ಬೆಳಗ್ಗೆ ಕಿಟಕಿಯ ಪಕ್ಕದಲ್ಲಿ ಕೂರಿಸಿ. ಮುದ್ರಿಸಿದ ಚಿತ್ರವನ್ನು ಮೊದಲು ಅವರ ಕೈಗೇ ಕೊಡಿ. ‘ಇದು ನಾನೇ’ ಎಂದು ಅವರು ಒಪ್ಪಿದರೆ ಪಾಠ ಫಲಿಸಿತೆಂದೇ ಅರ್ಥ.