ಗದಗಿನ ಹುಡುಗ, ನೈರೋಬಿಯ 6 ರನ್

ನಮ್ಮ ಕಡೆಯ ಕ್ರಿಕೆಟ್ | ಭಾಗ 3

ಕೊಪ್ಪಳ ಸ್ಟೇಷನ್‌ನಾಗ ಹುಬ್ಬಳ್ಳಿ ರೈಲು ಹತ್ತಿದ್ರೆ ನಡುವೆ ಗದಗ ಬರ್ತೈತಲ್ಲ, ಇವತ್ತಿನ ಕಥೆ ಅಲ್ಲಿಂದ ಶುರು.

ದ್ರಾವಿಡ್, ಕುಂಬ್ಳೆ ಬಗ್ಗೆ ಬರೆಯೋರು ಬಹಳ ಮಂದಿ ಅದಾರ. "ನಮ್ಮ ಕಡೆಯವರು ಯಾರೂ ಇಲ್ಲೇನು?" ಅಂತ ನೀವು ಕೇಳ್ತಾನೇ ಇರ್ತೀರಿ. ಅದಾರ. ಸುನಿಲ್ ಜೋಶಿ, ಎಡಗೈ ಸ್ಪಿನ್ನರ್.

ಹುಟ್ಟಿದ್ದು 1970ರ ಜೂನ್ 6, ಗದಗದಲ್ಲಿ. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು, ನಮ್ಮ ಕೊಪ್ಪಳ ರಾಯಚೂರು ಜಿಲ್ಲೆಗೆ ಸೇರಿದ್ದು. ಜೋಶಿ ಪ್ರಾಕ್ಟೀಸಿಗೆ ಹೋಗ್ತಿದ್ದದ್ದು ಹುಬ್ಬಳ್ಳಿಗೆ, ಹೆಚ್ಚೂಕಡಿಮೆ 60 ಕಿಲೋಮೀಟರ್. ನಸುಕಿನಾಗ ಎದ್ದು ಹೋಗಿ, ಪ್ರಾಕ್ಟೀಸ್ ಮುಗಿಸಿ, ಶಾಲೆ ಶುರುವಾಗೋದ್ರೊಳಗ ಮತ್ತೆ ಗದಗಕ್ಕೆ ಬರ್ತಿದ್ರು. ನಾನು ಯಲಬುರ್ಗಾದಿಂದ ಕೊಪ್ಪಳಕ್ಕೆ ಕಾಲೇಜಿಗೆ ಬಸ್ಸಿನಾಗ ಬರೋದಕ್ಕೇ ದಿನಾ ಗೊಣಗ್ತೀನಿ. ಅದು ಅವರ ದಾರಿಗಿಂತ ಕಡಿಮೆ ದೂರ!

ಈಗ ನೈರೋಬಿ. 1999ರ ಸೆಪ್ಟೆಂಬರ್ 26, ಎಲ್‌ಜಿ ಕಪ್, ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಬಿಕಾಂ ಹುಡುಗ ನಾನು, ಕೂಡಿಸಿ ಕಳೆದು ನೋಡದೆ ಬಿಡಂಗಿಲ್ಲ. ಮೇಡನ್ ಓವರ್‌ಗಳ 36 ಎಸೆತಕ್ಕೆ ಏನೂ ಇಲ್ಲ, ಉಳಿದ 24 ಎಸೆತಕ್ಕೆ 6 ರನ್. ಔಟಾದವರು ಬಾಲಂಗೋಚಿಗಳಲ್ರಿ: ಗಿಬ್ಸ್, ಡಿಪೆನಾರ್, ಕ್ರೋನಿಯೆ, ರೋಡ್ಸ್, ಪೊಲಾಕ್. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್, ಭಾರತಕ್ಕೆ 8 ವಿಕೆಟ್ ಗೆಲುವು.

ಜೋಶಿ ಅಂದ್ರ ಎಲ್ಲರೂ ಈ ಒಂದು ಮ್ಯಾಚ್ ಹೇಳಿ ಸುಮ್ಮನಾಗ್ತಾರ. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು 1995-96ರ ರಣಜಿ ಸೀಸನ್. ಒಂದೇ ಸೀಸನ್‌ನಾಗ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ರಣಜಿಯಲ್ಲಿ ಹಂಗ ಮಾಡಿದ ಮೊದಲನೇ ಆಟಗಾರ ಇವರೇ. ಆ ವರ್ಷ ಕರ್ನಾಟಕ ಚಾಂಪಿಯನ್. ಒಂದು ದಿನ ಪಿಚ್ ಕೈ ಹಿಡೀಬಹುದು, ಇಡೀ ಸೀಸನ್ ಯಾವ ಪಿಚ್ ಕೈ ಹಿಡಿತೈತಿ ಹೇಳ್ರಿ? 1996ರ ಜೂನ್‌ನಲ್ಲಿ ಇಂಗ್ಲೆಂಡ್ ಪ್ರವಾಸದಾಗ ಟೆಸ್ಟ್ ಕ್ಯಾಪ್ ಸಿಕ್ತು.

ನನಗೆ ಇನ್ನೂ ಅರಗದೇ ಇರೋದು ಮುಂದಿನ ಭಾಗ. 2000ದ ನವೆಂಬರ್, ಢಾಕಾ. ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್, ಗಂಗೂಲಿ ನಾಯಕರಾಗಿ ಆಡಿದ ಮೊದಲ ಟೆಸ್ಟ್ ಕೂಡ. ಬಾಂಗ್ಲಾ ಮೊದಲ ಇನಿಂಗ್ಸ್‌ನಾಗ 400 ಹೊಡೀತು, ಭಾರತ ಒದ್ದಾಡ್ತಿತ್ತು. ಜೋಶಿ 5 ವಿಕೆಟ್ ತಗೊಂಡು, ಆಮೇಲೆ ಬ್ಯಾಟ್ ಹಿಡಿದು 92 ರನ್ ಗಳಿಸಿದರು. ಎರಡನೇ ಇನಿಂಗ್ಸ್‌ನಾಗ ಇನ್ನೂ 3 ವಿಕೆಟ್. ಪಂದ್ಯಶ್ರೇಷ್ಠರೂ ಅವರೇ.

ಅದೇ ತಿಂಗಳು ಜಿಂಬಾಬ್ವೆ ವಿರುದ್ಧ ಆಡಿದರು, ಅಷ್ಟೇ. ಆಮೇಲೆ ಟೆಸ್ಟ್ ಸಿಗಲೇ ಇಲ್ಲ. ಆಗ ಅವರಿಗೆ ಬರೇ 30 ವರ್ಷ. ಭಾರತದ ತಂಡದಾಗ ಕುಂಬ್ಳೆ ಜೋಡಿ ಎರಡನೇ ಸ್ಪಿನ್ನರ್ ಜಾಗಕ್ಕ ಯಾವಾಗಲೂ ನಾಲ್ಕು ಮಂದಿ ಸಾಲಿನಾಗ ನಿಂತಿರ್ತಿದ್ರು ಅನ್ನೋದು ಖರೆ. ಆದ್ರೂ ಪಂದ್ಯಶ್ರೇಷ್ಠ ಆದ ತಿಂಗಳೇ ಕೊನೇ ಟೆಸ್ಟು ಅಂದ್ರ ಹೊಟ್ಟಿ ಉರಿಯೋದಿಲ್ಲೇನ್ರಿ?

15 ಟೆಸ್ಟ್, 41 ವಿಕೆಟ್. 69 ಏಕದಿನ, 69 ವಿಕೆಟ್. ವಿಶ್ವಕಪ್ ಒಂದೂ ಇಲ್ಲ. ಆದ್ರ ಮನುಷ್ಯ ಮನೆಯಾಗ ಕುಂದರಲಿಲ್ಲ. ಮುಂದೂ ವರ್ಷಗಟ್ಟಲೆ ಕರ್ನಾಟಕಕ್ಕೆ ರಣಜಿ ಆಡಿದರು, 2012ರಲ್ಲಿ ನಿವೃತ್ತಿ ಹೇಳಿದರು. ತಾವು 92 ಹೊಡೆದ ಅದೇ ಬಾಂಗ್ಲಾದೇಶ ತಂಡಕ್ಕ ಆಮೇಲೆ ಸ್ಪಿನ್ ಕೋಚ್ ಆದರು. 2020ರ ಮಾರ್ಚ್‌ನಲ್ಲಿ ಬಿಸಿಸಿಐ ಆಯ್ಕೆ ಸಮಿತಿಯ ಅಧ್ಯಕ್ಷ. ತಂಡದಿಂದ ಹೊರಗೆ ಉಳಿದಾತನ ಕೈಯಾಗ ತಂಡ ಆರಿಸೋ ಪೆನ್ನು!

ನಮ್ಮ ಎರಿಹೊಲದಾಗ, ಗಂಗಾವತಿ ಕಡೆ ಭತ್ತ ಕೊಯ್ದ ಗದ್ದಿಯಾಗ ಟೆನಿಸ್ ಬಾಲ್ ತಿರುಗಿಸೋ ಎಡಗೈ ಹುಡುಗ ಯಾರಾದ್ರೂ ಇದ್ರ ಈ ಪೋಸ್ಟ್ ಅವನಿಗೆ ಕಳಿಸ್ರಿ. ಮನೆಯಾಗ ಅಪ್ಪನೋ ಕಾಕಾನೋ ನೈರೋಬಿ ಮ್ಯಾಚ್ ಟಿವಿಯಾಗ ನೋಡಿದ್ರ ಕೇಳಿ ನನಗೂ ಹೇಳ್ರಿ.

#ಸುನಿಲ್‌ಜೋಶಿ #ಗದಗ #ಕೊಪ್ಪಳ #ನಮ್ಮಕಡೆಯಕ್ರಿಕೆಟ್